ಮರದ ತಾಯಿಯ ತವರು

"ಚಿಲೊಂಗೊ ಊರಿನ ಸಮಸ್ತ ಪ್ರಜೆಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಘನತೆವೆತ್ತ ಸೋಬರ ನೀಲಿ ಪ್ಲಾಸ್ಟಿಕ್ ಕುರ್ಚಿಯ ಹಿಂದಿನ ಎಡಗಾಲು ನಿನ್ನೆ ಮಧ್ಯಾಹ್ನ ಮುರಿದಿದ್ದು, ಸದರಿ ಕಾಲಿಗೆ ತಂತಿ ಸುತ್ತಿ ದುರಸ್ತಿ ಮಾಡಲಾಗಿದೆ. ಆದಕಾರಣ ಇಂದಿನ ಸಭೆಯಲ್ಲಿ ಸೋಬರು ಆಸೀನರಾಗುವ ವೇಳೆ ಯಾರೂ ನಗತಕ್ಕದ್ದಲ್ಲ!"

ಇಷ್ಟು ಸಾರಿ ಡಂಗುರದವನು ಡೋಲಿಗೆ ಎರಡು ಬಾರಿಸಿದ. ನಗಬಾರದು ಎಂದ ಮೇಲೆ ನಗು ಬಾರದೆ ಇರುತ್ತದೆಯೇ? ಊರಿಗೆ ಊರೇ ಕೆನ್ನೆ ಕಚ್ಚಿಕೊಂಡು ನಿಂತಿತು.

ಊರ ಯಜಮಾನರಾದ ಸೋಬ ಕಹೋಜಿ, ಸರ್ಕಾರ ಕೊಟ್ಟ ಖಾಕಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತ ಚೋಟದೊಳಗೆ ಬಂದರು. ಚೋಟವೆಂದರೆ ಊರ ನಡುವಿನ ದುಂಡು ಚಾವಡಿ. ಹುಲ್ಲಿನ ಮಾಡು, ಸುತ್ತ ಗೋಡೆಯಿಲ್ಲ. ನ್ಯಾಯ ಎಲ್ಲ ಕಡೆಯಿಂದಲೂ ಒಳಗೆ ಬರಲಿ ಎಂದು ಹಿರಿಯರು ಹಾಗೆ ಕಟ್ಟಿದ್ದರು. ಎಲ್ಲ ಕಡೆಯಿಂದಲೂ ಹೊರಗೆ ಹೋಗಬಹುದೆಂಬುದು ಅವರಿಗೆ ಹೊಳೆದಿರಲಿಲ್ಲ.

ಸೋಬರು ಕೂತರು. ಕುರ್ಚಿ ನರಳಿತು. ಜನ ಅಂಗೈ ತಟ್ಟಿ ನಮಸ್ಕರಿಸಿದರು.

ಸೋಬರ ಮುತ್ತಾತ ಕೂರುತ್ತಿದ್ದ ಕೆತ್ತನೆಯ ಪೀಠ ಈಗ ಯಾವುದೋ ತಣ್ಣನೆಯ ದೇಶದ ಗಾಜಿನ ಪೆಟ್ಟಿಗೆಯಲ್ಲಿದೆ. ಅಲ್ಲಿ ಅದರ ಮೇಲೆ ಯಾರೂ ಕೂರುವಂತಿಲ್ಲ. ಇಲ್ಲಿ ಕೂರುವವರಿದ್ದಾರೆ, ಪೀಠವಿಲ್ಲ.

ನಗು ತಡೆದುಕೊಳ್ಳುವ ಕಷ್ಟವಿಲ್ಲದವಳು ಒಬ್ಬಳೇ: ನಕಹಿಲೊ ಅಜ್ಜಿ. ಅವಳು ಚಾವಡಿಯ ಅಂಚಿನಲ್ಲಿ, ನೆಲದ ಮೇಲೆ, ಒಂದು ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಗಂಟಿನಲ್ಲಿ ಒಂದು ಮಡಕೆ, ಒಂದು ಚಾಪೆ, ಒಣಮೀನಿನ ಒಂದು ಪೊಟ್ಟಣ.

ಮೂರು ವಾರದ ಹಿಂದೆ ಅವಳ ಕಾವಲಿನ ಗುಡಿಸಲಿನಿಂದ ಊರಿನ 'ತಾಯಿ' ಕಾಣೆಯಾಗಿದ್ದಳು. ಇವತ್ತು ಹೊತ್ತು ಮುಳುಗುವುದರೊಳಗೆ ತಾಯಿ ಸಿಗದಿದ್ದರೆ ನಕಹಿಲೊ ಊರು ಬಿಡಬೇಕೆಂದು ಸೋಬರ ಆಜ್ಞೆ.

ತಾಯಿ ಎಂದರೆ ಮೊಳದುದ್ದದ ಮರದ ಹೆಣ್ಣು. ಅರೆಮುಚ್ಚಿದ ಕಣ್ಣು, ಕಣ್ಣ ಕೆಳಗೆ ಕೊರೆದ ಕಂಬನಿಯ ಗೆರೆ, ಹಣೆಯ ಮೇಲೆ ನಾಲ್ಕು ಎಸಳಿನ ಗುರುತು. ಊರಿನ ಬಸುರಿಯರೆಲ್ಲ ಕೆಮ್ಮಣ್ಣು ಎಣ್ಣೆ ಕಲಸಿ ಅವಳ ಹೊಟ್ಟೆಗೆ ಸವರಿ, ನಾಲ್ಕು ತಲೆಮಾರಿನ ಅಂಗೈಗಳಿಗೆ ಆ ಹೊಟ್ಟೆ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು. ಗಿರಾಕಿ ಇನ್ನೂ ದೊಡ್ಡವನು ಎಂಬುದು ಆಮೇಲೆ ತಿಳಿದ ಸಂಗತಿ.

ಅವಳು ಹೋದ ಮೇಲೆ ಊರಿನಲ್ಲಿ ಎರಡು ಕೂಸು ಹೊಟ್ಟೆಯಲ್ಲೇ ಸತ್ತವು. ಸತ್ತದ್ದಕ್ಕೆ ಯಾರಾದರೂ ಬೇಕಲ್ಲ? ನಮ್ಮಲ್ಲಿ ಮಾಟಗಾತಿಯಾಗಲು ಎರಡೇ ಅರ್ಹತೆ: ವಯಸ್ಸಾಗಿರಬೇಕು, ಹಿಂದೆ ಮುಂದೆ ಯಾರೂ ಇರಬಾರದು. ನಕಹಿಲೊಳ ಅಣ್ಣತಮ್ಮಂದಿರನ್ನು ಯುದ್ಧ ನುಂಗಿತ್ತು, ಅಕ್ಕನ ಮಕ್ಕಳನ್ನು ವಜ್ರ ಅಗೆಯುವ ಗುಂಡಿಗಳು ನುಂಗಿದ್ದವು. ಎರಡೂ ಅರ್ಹತೆಯಲ್ಲಿ ಅವಳು ಮೊದಲ ದರ್ಜೆ. ಅವಳ ಮರಗೆಣಸಿನ ಹೊಲಕ್ಕೂ ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಅಜ್ಜಿ, ಗಂಟು ಯಾಕೆ ತಂದ್ರಿ? ನಾನಿದ್ದೀನಲ್ಲ," ಎಂದು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ಸಕಪೇಂಡ ಪಿಸುಗುಟ್ಟಿದ.

"ನೀನಿದ್ದೀಯ ಅಂತಾನೇ ತಂದೆ ಕಣಪ್ಪ. ಪೊಲೀಸಲ್ಲಿದ್ದಾಗ ನನ್ನ ಮೂರು ಕೋಳಿ ಹುಡುಕಿಕೊಡ್ತೀನಿ ಅಂದಿದ್ದೆ. ಅವು ಯಾರದೋ ಮನೇಲಿ ಸಾರಾಗಿ ಹನ್ನೊಂದು ವರ್ಷ ಆಯ್ತು."

ಸಾರ್ಜೆಂಟ್ ಸಕಪೇಂಡ ವೃತ್ತಿಯಿಂದ ನಿವೃತ್ತ, ಪ್ರವೃತ್ತಿಯಿಂದ ಅಲ್ಲ. ಕೋಳಿಗಳ ಮಾತು ಬಂದಾಗ ಮಾತ್ರ ಅವನಿಗೆ ಕಿವಿ ಮಂದವಾಗುತ್ತಿತ್ತು.

"ಇವತ್ತು ನೋಡಿ," ಎಂದ. "ಮೂರು ವಾರ ತಲೆ ಕೆರ್ಕೊಂಡು ಒಂದು ಉಪಾಯ ಮಾಡಿದ್ದೀನಿ. ಅವನು ತಪ್ಪಿಸ್ಕೊಳ್ಳೋಕೆ ಸಂದೇ ಇಲ್ಲ."

ಆ 'ಅವನು' ಅಷ್ಟರಲ್ಲಿ ಲಾರಿಯಿಂದ ಇಳಿದ.

ಎವಾರಿಸ್ಟೊ ಮುಹೊಂಗೊ, ನದಿಯಾಚೆಯ ಊರಿನವನು, ಸಂಸ್ಕೃತಿ ರಕ್ಷಣಾ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಮತ್ತು ಏಕೈಕ ಸದಸ್ಯ. ಅವನು ರಕ್ಷಿಸಿದ ಸಂಸ್ಕೃತಿ ಮತ್ತೆ ಊರಿಗೆ ಬಂದ ಉದಾಹರಣೆಯಿಲ್ಲ. ಬಿಳಿ ಬೂಟು, ಇಸ್ತ್ರಿ ಅಂಗಿ, ಕಂಕುಳಲ್ಲಿ ಸಾಬೂನಿನ ರಟ್ಟಿನ ಪೆಟ್ಟಿಗೆ.

"ಸೋಬರೇ, ತರಬೇಕು ಅಂದ್ರಿ, ತಂದೆ. ಬೇಗ ಮುಗಿಸಿಕೊಡಿ. ಕತ್ತಲಾಗೋದ್ರೊಳಗೆ ಲಾರಿ ಸೌರಿಮೊ ಪಟ್ಟಣ ದಾಟಬೇಕು."

ಪೆಟ್ಟಿಗೆ ತೆರೆದು, ಹಳೆ ಪತ್ರಿಕೆಗಳ ನಡುವಿನಿಂದ ತಾಯಿಯನ್ನು ಎತ್ತಿ ನಿಲ್ಲಿಸಿದ.

ಯಾರೂ ಹೇಳದೆಯೇ ಹೆಂಗಸರೆಲ್ಲ ಮಂಡಿಯೂರಿದರು. ತುಂಬು ಬಸುರಿಯೊಬ್ಬಳು ಎದ್ದು ಬಂದು ಕೈ ಚಾಚಿದಳು. ಅವಳ ಅಂಗೈಯಲ್ಲಿ ಕೆಮ್ಮಣ್ಣು ಕಲಸಿಕೊಂಡೇ ಇತ್ತು.

"ಏಯ್, ಮುಟ್ಟಬೇಡಮ್ಮ! ಪಾಲಿಶ್ ಹೋಗತ್ತೆ," ಎಂದ ಎವಾರಿಸ್ಟೊ.

ಅವಳು ಕೈಯನ್ನು ತನ್ನ ಹೊಟ್ಟೆಗೇ ಒರೆಸಿಕೊಂಡು ಹಿಂದೆ ಸರಿದಳು.

"ಇದು ಆ ಗುಡಿಸಲಿಂದೇ ಅಂತ ಹೇಗೆ ಹೇಳ್ತೀಯ ಸಾರ್ಜೆಂಟು?" ಸೋಬರು ಕೇಳಿದರು.

"ಮೂಗಿನಿಂದ ಶುರು ಮಾಡೋಣ ಸೋಬರೇ. ಹೋದ ವಾರ ಇವನ ಶೆಡ್ಡಲ್ಲಿ ನೋಡಿದಾಗ ಬಟ್ಟೆ ಸೋಪಿನ ವಾಸನೆ ಹೊಡೀತಿತ್ತು. ನೂರು ವರ್ಷದ ಕೆಮ್ಮಣ್ಣು ತೊಳೆದಿದ್ದಾನೆ. ಆದ್ರೆ ಗೆರೆ ಒಳಗಿಂದು ಹೋಗಿಲ್ಲ." ಸಕಪೇಂಡ ಒದ್ದೆ ಬಿಳಿ ಬಟ್ಟೆಯೊಂದನ್ನು ತಾಯಿಯ ಹೊಕ್ಕುಳಿನ ಕೆಳಗೆ ಕೊರೆದಿದ್ದ ಗೀರುಗಳ ಮೇಲೆ ಒತ್ತಿ ತೆಗೆದ. ಬಟ್ಟೆಯ ಮೇಲೆ ಕೆಂಪು ಗೀರುಗಳು ಮೂಡಿದ್ದವು.

"ಅಯ್ಯೋ, ಈ ಕಡೆ ಯಾವ ಗೊಂಬೆ ಒತ್ತಿದ್ರೂ ಕೆಂಪೇ ಬರತ್ತೆ," ಎವಾರಿಸ್ಟೊ ನಕ್ಕ. "ನಮ್ಮಜ್ಜಿಯ ಸೋದರಮಾವ ಸವಿಂಬು ಕೆತ್ತಿದ್ದು ಇದು. ಅವನ ಕೈಗೆ ಮರ ಸಿಕ್ಕರೆ ಹೆಣ್ಣಾಗಿಬಿಡ್ತಿತ್ತು. ಇಂಥವು ಹತ್ತಾದ್ರೂ ಮಾಡಿದ್ದಾನೆ."

"ಗೀರು ಎಣಿಸಪ್ಪ."

"ಒಂಬತ್ತು."

"ಸರಿಯಾಗಿ ನೋಡು."

ಎವಾರಿಸ್ಟೊ ಬಗ್ಗಿದ. "ಎಂಟು. ಒಂಬತ್ತನೇದು ಅರ್ಧಕ್ಕೇ ನಿಂತಿದೆ. ಉಳಿ ಜಾರಿರಬೇಕು."

"ಸವಿಂಬು ಉಳಿ ಜಾರೋ ಕೈಯಾ? ಈಗ ತಾನೇ ಹೊಗಳಿದೆ."

ಸಕಪೇಂಡ ನಕಹಿಲೊಳ ಕಡೆ ತಿರುಗಿದ. ಈ ಒಂದು ಭಾಗಕ್ಕೆ ಮಾತ್ರ ಅವನು ಅವಳಿಂದ ಮೊದಲೇ ಒಪ್ಪಿಗೆ ಕೇಳಿರಲಿಲ್ಲ.

ಮುದುಕಿ ತಾನೇ ಎದ್ದಳು. "ಗೊತ್ತಾಯ್ತು ಬಿಡು," ಎಂದಳು. "ಇಬ್ಬರು ಹೆಂಗಸರು ಚಾಪೆ ಹಿಡೀರಿ."

ಅವಳ ಗಂಟಿನಲ್ಲಿದ್ದ ಚಾಪೆಯನ್ನೇ ಬಿಚ್ಚಿ ಅಡ್ಡ ಹಿಡಿದರು. ಊರಿನ ಇಬ್ಬರು ಹಿರಿಯ ಹೆಂಗಸರು ಅವಳ ಜೊತೆ ಅದರ ಹಿಂದೆ ಹೋದರು. ಇದೇ ಇಬ್ಬರು ಕಳೆದ ವಾರ ಅವಳ ಬಾಗಿಲ ಮುಂದೆ ಬೂದಿ ಚೆಲ್ಲಿ ಉಗಿದಿದ್ದರು. ಈಗ ಹೊರಗೆ ಬರುವಾಗ ನೆಲ ನೋಡುತ್ತ ಬಂದರು.

"ಎಂಟು," ಎಂದಳು ಒಬ್ಬಳು. "ಮತ್ತೆ ಅರ್ಧ," ಎಂದಳು ಇನ್ನೊಬ್ಬಳು.

ಚಾಪೆಯ ಹಿಂದಿನಿಂದ ನಕಹಿಲೊಳ ದನಿ ಬಂತು. "ನಮ್ಮ ಮನೆ ಹೆಣ್ಣುಮಕ್ಕಳಿಗೆ ಮಾತ್ರ ಹಾಗೆ ಕೊಯ್ತಿದ್ರು. ಒಂಬತ್ತನೇದು ಅರ್ಧ. ಉಳಿದರ್ಧ ಸತ್ತ ದಿನ ಪೂರ್ತಿಯಾಗತ್ತೆ ಅಂತ ನಮ್ಮಜ್ಜಿ ಹೇಳ್ತಿದ್ಲು. ನಾವು ಅವಳ ಹೊಟ್ಟೆಯವರು ಅಂತ ತಾಯಿಯ ಹೊಟ್ಟೆ ನೋಡ್ಕೊಂಡೇ ನಮ್ಮ ಹೊಟ್ಟೆ ಕೊಯ್ದಿದ್ದು. ಇನ್ನೂ ಚಾಪೆ ಇಳಿಸಬೇಡಿ, ಬಟ್ಟೆ ಕಟ್ಕೋತಿದ್ದೀನಿ."

ಊರೆಲ್ಲ ಎವಾರಿಸ್ಟೊನ ಕಡೆ ತಿರುಗಿತು. ತಂತಿ ಸುತ್ತಿದ ಕುರ್ಚಿ ಕೂಡ.

ಅವನು ಕಿಸೆಯಿಂದ ಒಂದು ಕಾಗದ ತೆಗೆದು, ಬಿಡಿಸಿ, ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹಿಡಿದ. "ಸರಿ, ಅದೇ ಆಗಿರಬಹುದು. ದಾರೀಲಿ ಯಾರೋ ಮಾರಿದ್ರು, ತಗೊಂಡೆ. ಪಟ್ಟಣದ ಕಚೇರಿಯ ಪತ್ರ ಇದೆ. ಓದ್ತೀನಿ ಕೇಳಿ: 'ಮರದ ಗೊಂಬೆ, ಒಂದು, ಅಲಂಕಾರಕ್ಕೆ. ಸಾಗಿಸಲು ಅಭ್ಯಂತರವಿಲ್ಲ.' ಠಸ್ಸೆ ನೋಡಿ, ಎರಡಿದೆ. ವಸ್ತುವಿನ ತಕರಾರು ಅಂದ್ರೆ ಪಟ್ಟಣಕ್ಕೆ ಹೋಗಿ ಅರ್ಜಿ ಹಾಕಿ. ಚೋಟಕ್ಕೆ ಆ ಅಧಿಕಾರ ಇಲ್ಲ."

ಎರಡು ಠಸ್ಸೆಗಳ ಮುಂದೆ ಜನ ಮಂಕಾದರು. ಸಕಪೇಂಡ ಮಾತ್ರ ಮೀಸೆಯೊಳಗೇ ನಕ್ಕ. ಇದಕ್ಕಾಗಿಯೇ ಅವನು ಕಾದಿದ್ದು.

ಅವನ ಉಪಾಯ ಇಷ್ಟು. ವಸ್ತುವಿನ ನ್ಯಾಯ ಕಚೇರಿಯದು. ಹೆಣ್ಣಿನ ನ್ಯಾಯ ಚೋಟದ್ದು. ಈ ಊರಿನಲ್ಲಿ ಹೆಣ್ಣೊಬ್ಬಳನ್ನು ಮನೆಯಿಂದ ಎತ್ತಿಕೊಂಡು ಹೋದರೆ ಯಾವ ಠಸ್ಸೆಯೂ ಉಳಿಸುವುದಿಲ್ಲ, ಅದೇ ದಿನ ವಾಪಸ್ ತಂದು ಬಿಡಬೇಕು. ಆದ್ದರಿಂದ ಎವಾರಿಸ್ಟೊನ ಬಾಯಿಂದಲೇ ಒಂದು ಮಾತು ಹೊರಡಿಸಬೇಕಿತ್ತು.

"ಅಧ್ಯಕ್ಷರೇ, ನಿಮ್ಮ ಬೆರಳಲ್ಲಿ ಹಳೇ ತಾಮ್ರದ ಉಂಗುರ ಇದೆಯಲ್ಲ, ಎಲ್ಲಿದು?"

"ಇದಾ? ಸವಿಂಬುದೇ. ಸೋದರಮಾವನಿಂದ ಸೋದರಳಿಯನಿಗೆ, ಅವನಿಂದ ಅವನ ಸೋದರಳಿಯನಿಗೆ, ಹಾಗೇ ಬಂದು ನನ್ನ ಬೆರಳು ಸೇರಿದೆ."

"ಅವನಿಗೆ ಯಾರು ಕೊಟ್ಟಿದ್ದು?"

"ಇವಳನ್ನ ಕೆತ್ತಿಸಿದವನು. ಈ ಅಜ್ಜಿಯ ಮನೆಯ ಆಗಿನ ಯಜಮಾನ."

"ಒಂದು ಕೆತ್ತನೆಗೆ ಉಂಗುರಾನಾ? ಸೌಟು ಕೆತ್ತಿದ್ರೆ ಏನು ಕೊಡ್ತಾರೆ?"

"ಕೋಳಿ."

"ಪೀಠಕ್ಕೆ?"

"ಆಡು."

"ಹಾಗಾದ್ರೆ ಉಂಗುರ ಯಾವುದಕ್ಕೆ ಕೊಡ್ತಾರೆ?"

ಎವಾರಿಸ್ಟೊ ಉಂಗುರವನ್ನು ಬೆರಳಲ್ಲೇ ಒಂದು ಸುತ್ತು ತಿರುಗಿಸಿದ. ಆಮೇಲೆ ತುಂಬ ಸಲೀಸಾಗಿ ಹೇಳಿದ. ಎಷ್ಟು ಸಲೀಸಾಗಿ ಎಂದರೆ, ಸಕಪೇಂಡ ಅಲ್ಲೇ ಅನುಮಾನಪಡಬೇಕಿತ್ತು.

"ಮದುವೆ ಹೆಣ್ಣಿಗೆ. ಹೆಣ್ಣಿನ ರೂಪ ಕೆತ್ತಿದ್ರೆ ಕೆತ್ತಿದವನಿಗೆ ತೆರ ಕೊಟ್ಟೇ ಕರ್ಕೊಂಡು ಹೋಗಬೇಕು. ಅದು ನಮ್ಮ ಪದ್ಧತಿ."

"ಕೇಳಿದ್ರಾ ಸೋಬರೇ!" ಸಕಪೇಂಡ ಎದ್ದೇ ನಿಂತ. "ಅವನ ಬಾಯಲ್ಲೇ ಬಂತು. ಇವಳು ಗೊಂಬೆಯಲ್ಲ, ಅಲಂಕಾರ ಅಲ್ಲ, ತೆರ ಕೊಟ್ಟು ತಂದ ಹೆಣ್ಣು. ಆ ಪತ್ರದಲ್ಲಿ ಏನೇ ಇರಲಿ, ಅದು ಇವಳ ವಿಷಯ ಅಲ್ಲ!"

ಚಾವಡಿ ಚಪ್ಪಾಳೆಯಿಂದ ತುಂಬಿತು. ಸೋಬರು ಟೋಪಿ ಸರಿಮಾಡಿಕೊಂಡರು. "ಹೌದು," ಎಂದರು. "ಹೆಣ್ಣೇ. ತೆರ ಕೊಟ್ಟ ಮೇಲೆ ಹೆಣ್ಣೇ. ಚೋಟ ಹೀಗೆ ತೀರ್ಮಾನಿಸಿದೆ."

ನಕಹಿಲೊ ಗಂಟಿನ ಮೇಲಿಂದ ಕೈ ತೆಗೆದಳು.

ಎವಾರಿಸ್ಟೊ ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡ. ಸೋತವರು ಕಾಗದವನ್ನು ಅಷ್ಟು ನಾಜೂಕಾಗಿ ಮಡಚುವುದಿಲ್ಲ.

"ತುಂಬ ಸಂತೋಷ," ಎಂದ. "ಇನ್ನೊಂದೇ ಪ್ರಶ್ನೆ. ಇವಳ ಗಂಡ ಎಲ್ಲಿ?"

"ಯಾವ ಗಂಡ?"

"ಉಂಗುರ ಕೊಟ್ಟವನು, ಸಾರ್ಜೆಂಟ್ರೇ. ಬದುಕಿದ್ದಾನಾ?"

"ಅವನು ಸತ್ತು ನೂರು ವರ್ಷ ಆಗಿರಬೇಕು."

"ಅಯ್ಯೋ ಪಾಪ. ನೂರು ವರ್ಷದ ವಿಧವೆ." ಎವಾರಿಸ್ಟೊ ಸಭೆಯ ಕಡೆ ತಿರುಗಿದ. "ಹಿರಿಯರೇ, ನಮ್ಮಲ್ಲಿ ಗಂಡ ಸತ್ತ ಹೆಣ್ಣು ಗಂಡನ ಊರಲ್ಲಿ ಇರ್ತಾಳಾ? ಅವಳ ಸೋದರಮಾವನ ಕಡೆಯವರು ಬಂದು ತವರಿಗೆ ಕರ್ಕೊಂಡು ಹೋಗ್ತಾರೆ. ಇವಳ ತೆರ ಯಾರ ಮನೆಗೆ ಬಂತು? ಇಲ್ಲಿದೆ ನೋಡಿ." ಉಂಗುರದ ಬೆರಳು ಎತ್ತಿದ. "ಹಾಗಾದ್ರೆ ತವರು ಯಾರದು? ಸಾರ್ಜೆಂಟ್ರು ಈಗ ತಾನೇ ಸಾಬೀತು ಮಾಡಿಕೊಟ್ರು. ಹೌದು, ನಾನೇ ಗುಡಿಸಲಿಂದ ಕರ್ಕೊಂಡು ಹೋದೆ. ಗೊಂಬೆ ಆಗಿದ್ರೆ ಅದು ಕಳ್ಳತನ. ಹೆಣ್ಣಾದ್ರೆ, ಅದು ನನ್ನ ಕರ್ತವ್ಯ."

ಮೂರು ವಾರ ಕೂತು ಸಕಪೇಂಡ ಹೆಣೆದ ಬಲೆ ಗಟ್ಟಿಯಾಗಿಯೇ ಇತ್ತು. ಒಳಗಿದ್ದವನು ಮಾತ್ರ ಬೇರೆ.

"ಪದ್ಧತಿ ಪದ್ಧತೀನೇ," ಎಂದರು ಸೋಬರು. "ತವರಿನವರು ಕೇಳಿದ ಮೇಲೆ ಕಳಿಸಬೇಕು."

"ಸೋಬರೇ, ಅವನು ತವರಿಗೆ ಒಯ್ತಿಲ್ಲ, ಪರದೇಶದ ಗಿರಾಕಿಗೆ ಮಾರೋಕೆ ವಿಮಾನಕ್ಕೆ ಒಯ್ತಿದ್ದಾನೆ!"

"ತವರಿನವರು ತಮ್ಮ ಹೆಣ್ಣನ್ನ ಎಲ್ಲಿಗೆ ಕಳಿಸ್ತಾರೆ ಅನ್ನೋದು ತವರಿನವರಿಗೆ ಬಿಟ್ಟಿದ್ದು."

ಎವಾರಿಸ್ಟೊ ಆಗಲೇ ಪತ್ರಿಕೆಯ ಹಾಳೆಗಳನ್ನು ಉಂಡೆ ಮಾಡಿ ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದ.

"ನಿಲ್ಲಪ್ಪ," ಎಂದಳು ನಕಹಿಲೊ.

ಅವಳು ಕೂತಲ್ಲಿಂದ ಏಳಲಿಲ್ಲ. "ನನಗೆ ಓದು ಬರಲ್ಲ. ಒಂದು ಕೇಳ್ತೀನಿ. ಸೋಬರೇ, ನಮ್ಮಲ್ಲಿ ಮಕ್ಕಳು ಅಪ್ಪನ ಮನೆಯವರಾ, ಅಮ್ಮನ ಮನೆಯವರಾ?"

"ಇದೇನು ಕೇಳ್ತೀಯ ತಾಯಿ? ಅಮ್ಮನ ಮನೆಯವರು."

"ನಮ್ಮ ಮನೆಯವರೆಲ್ಲ ಇವಳ ಹೊಟ್ಟೆಯವರು ಅಂತ ಈಗ ನನ್ನ ಹೊಟ್ಟೆ ನೋಡಿ ಒಪ್ಪಿದ್ರಲ್ಲ?"

"ಒಪ್ಪಿದ್ವಿ."

"ಇವಳು ಎವಾರಿಸ್ಟೊನ ಮನೆ ಹೆಣ್ಣು ಅಂತಲೂ ಒಪ್ಪಿದ್ರಿ?"

"ಈಗಷ್ಟೇ."

"ಹಾಗಾದ್ರೆ ನಾನು ಯಾರ ಮನೆಯವಳು?"

ಮೊದಲು ನಕ್ಕವಳು ಆ ಬಸುರಿ. ಆಮೇಲೆ ಚಾಪೆ ಹಿಡಿದಿದ್ದ ಇಬ್ಬರು. ಅರ್ಥವಾದವರು ಪಕ್ಕದವರಿಗೆ ಹೇಳಿದರು, ನಗು ಚಾವಡಿಯ ಸುತ್ತ ಒಂದು ಸುತ್ತು ಬಂತು.

"ನಿಮ್ಮ ಮನೇಲಿ ಈಗ ಬದುಕಿರೋ ಹೆಂಗಸರಲ್ಲಿ ಹಿರಿಯಳು ಯಾರು ಮಗಾ?" ನಕಹಿಲೊ ಕೇಳಿದಳು.

ಎವಾರಿಸ್ಟೊನ ಕೈಯಲ್ಲಿದ್ದ ಪತ್ರಿಕೆಯ ಉಂಡೆ ಕೆಳಗೆ ಬಿತ್ತು. "ನಮ್ಮ... ನಮ್ಮ ದೊಡ್ಡಮ್ಮ. ಅರವತ್ತು ವರ್ಷ."

"ನನಗೆ ಎಪ್ಪತ್ತೆಂಟು. ನಾನು ನಿನಗೆ ಅಜ್ಜಿಯಾಗಬೇಕು. ಮನೆಯ ಹೆಣ್ಣನ್ನ ಹೊರಗೆ ಕಳಿಸಬೇಕಾದ್ರೆ ಯಾರನ್ನ ಕೇಳಬೇಕು?"

ಊರೇ ಉತ್ತರಿಸಿತು: "ಹಿರೀ ಹೆಂಗಸನ್ನ!"

"ಹಾಗಿದ್ರೆ ಕೇಳು."

"ಅಜ್ಜಿ..."

"ಕಳಿಸಲ್ಲ. ನನ್ನ ತಾಯೀನ ಈ ಕಡೆ ಕೊಡು."

ಎವಾರಿಸ್ಟೊ ಸೋಬರ ಮುಖ ನೋಡಿದ. ಸೋಬರು ಚಾವಡಿಯ ಮಾಡು ನೋಡಿದರು. ಆಮೇಲೆ, ಬೇರೆ ದಾರಿಯಿಲ್ಲದೆ, ಅವನು ಎರಡೂ ಕೈಯಿಂದ ಅವಳನ್ನು ಎತ್ತಿ ಮುದುಕಿಯ ಮಡಿಲಲ್ಲಿಟ್ಟ. ನಕಹಿಲೊ ಮೂಸಿ ನೋಡಿ, "ಸೋಪು," ಎಂದಳು. ಸೆರಗಿನ ತುದಿಯಿಂದ ತಾಯಿಯ ಮುಖ ಒರೆಸತೊಡಗಿದಳು. ಬಸುರಿ ಹತ್ತಿರ ಬಂದು ಕೂತು, ಯಾರ ಅಪ್ಪಣೆಯನ್ನೂ ಕೇಳದೆ, ಕೆಮ್ಮಣ್ಣಿನ ಅಂಗೈಯನ್ನು ಆ ನುಣ್ಣನೆಯ ಹೊಟ್ಟೆಗೆ ಒತ್ತಿದಳು.

ಸಕಪೇಂಡನ ಕಣ್ಣು ಒದ್ದೆಯಾಯಿತು. "ತಾಯಿ ಸಿಕ್ಕಳು, ಹೊತ್ತು ಇನ್ನೂ ಮುಳುಗಿಲ್ಲ," ಎಂದ. "ಸೋಬರೇ, ನಿಮ್ಮ ಆಜ್ಞೆ ರದ್ದಾಯ್ತು ಅಂತ ಒಂದು ಮಾತು ಹೇಳಿಬಿಡಿ, ಅಜ್ಜಿ ಮನೆಗೆ ಹೋಗ್ಲಿ."

"ಆಜ್ಞೆ ರದ್ದು," ಎಂದರು ಸೋಬರು. "ಅಜ್ಜಿ ಮನೆಗೆ ಹೋಗ್ಲಿ."

ಜನ ಅಂಗೈ ತಟ್ಟಿದರು. ಸೋಬರು ಕೈಯೆತ್ತಿ ತಡೆದರು.

"ಅವಳ ಮನೆ ನದಿಯಾಚೆ."

"ಏನಂದ್ರಿ?"

"ಅವಳೇ ಹೇಳಿದ್ಲಲ್ಲಯ್ಯಾ. ಎವಾರಿಸ್ಟೊನ ಮನೆಯವಳು ಅಂತ. ಚೋಟ ಒಪ್ಪಿತು, ಊರು ಕೂಗಿ ಹೇಳಿತು. ಆ ಮನೆ ನದಿಯಾಚೆ ಇದೆ. ಈ ಊರಿನ ನೆಲದ ಮೇಲೆ ಆ ಮನೆಯವರಿಗೆ ಹಕ್ಕಿಲ್ಲ. ಗುಡಿಸಲೂ ಇಲ್ಲ, ಹೊಲಾನೂ ಇಲ್ಲ. ಅವಳ ತಾಯಿ ಅವಳ ಜೊತೆ ಹೋಗ್ತಾಳೆ. ನಾನು ಯಾರನ್ನೂ ಊರು ಬಿಡಿಸ್ತಿಲ್ಲ ಸಾರ್ಜೆಂಟು. ಅವರವರ ಮನೆಗೆ ಅವರವರು ಹೋಗ್ತಿದ್ದಾರೆ."

ನಕಹಿಲೊಳ ಸೆರಗು ತಾಯಿಯ ಕೆನ್ನೆಯ ಮೇಲೆ, ಕಂಬನಿಯ ಗೆರೆಯ ಹತ್ತಿರ, ನಿಂತುಬಿಟ್ಟಿತು.

ಎವಾರಿಸ್ಟೊ ನಿಧಾನವಾಗಿ ನೆಟ್ಟಗಾದ. ಬಿಳಿ ಬೂಟಿನ ಧೂಳು ಕೊಡವಿ, ಲಾರಿಯ ಹತ್ತಿರ ಹೋಗಿ, ಮುಂದಿನ ಬಾಗಿಲು ತೆರೆದು ಹಿಡಿದ. "ಬನ್ನಿ ಅಜ್ಜಿ," ಎಂದ. "ತಾಯೀನೂ ಎತ್ತಿಕೊಳ್ಳಿ. ಮನೆಗೆ ಹೋಗಿ ನಿಧಾನವಾಗಿ ಮಾತಾಡೋಣ. ಅಲ್ಲಿ ನಾವು ನಾವೇ ಇರ್ತೀವಿ."

"ನನ್ನ ಮರಗೆಣಸು ಬಲಿತಿದೆ," ಎಂದಳು ನಕಹಿಲೊ, ಯಾರಿಗೂ ಅಲ್ಲದ ದನಿಯಲ್ಲಿ. "ಈ ವಾರ ಕೀಳಬೇಕಿತ್ತು."

"ಅದರ ಚಿಂತೆ ಬೇಡ ತಾಯಿ," ಸೋಬರು ಕುರ್ಚಿಯಿಂದ ಎದ್ದರು. "ಹೊಲ ಚೋಟದ ಸುಪರ್ದಿಗೆ ಬರತ್ತೆ. ನಾಳೆ ಬೆಳಿಗ್ಗೆ ನಮ್ಮವರೇ ಕೀಳ್ತಾರೆ. ಎಲ್ಲ ಸಿದ್ಧವಾಗಿದೆ."

ಸಕಪೇಂಡ ಅವರ ಕೈ ತೋರಿದ ಕಡೆ ನೋಡಿದ. ಸೋಬರ ಮನೆಯ ಗೋಡೆಗೆ ಎಂಟು ಗುದ್ದಲಿಗಳು ಸಾಲಾಗಿ ಒರಗಿದ್ದವು. ಎಂಟಕ್ಕೂ ಹೊಸ ಹಿಡಿ. ಅವನು ನಡೆದು ಹೋಗಿ ಒಂದನ್ನು ಮುಟ್ಟಿದ. ಮರ ಚೆನ್ನಾಗಿ ಒಣಗಿತ್ತು, ಎಣ್ಣೆ ಕುಡಿದು ನಯವಾಗಿತ್ತು, ಎಲ್ಲೂ ಹಸಿ ವಾಸನೆಯಿರಲಿಲ್ಲ.

ಕೊಂಬೆ ಕಡಿದು, ನೆರಳಲ್ಲಿ ಒಣಗಿಸಿ, ಎಣ್ಣೆ ಕುಡಿಸಿ ಹಿಡಿ ಹಾಕಲು ನಮ್ಮ ಕಡೆ ಒಂದು ತಿಂಗಳಾದರೂ ಬೇಕು.

ತಾಯಿ ಕಾಣೆಯಾಗಿ ಇವತ್ತಿಗೆ ಮೂರೇ ವಾರ.